ಬೀರುವಿನಲ್ಲಿರುವ ಇನ್‌ಬಾಕ್ಸ್

ನನ್ನ ಇಷ್ಟು ವರ್ಷಗಳ ಮೇಲ್ ಈಗ ಬೀರುವಿನಲ್ಲಿದೆ. ಅಮ್ಮನ ರೇಷ್ಮೆ ಸೀರೆಗಳ ಕೆಳಗೆ, ಹಳೇ ಟವಲಿನಲ್ಲಿ ಸುತ್ತಿಟ್ಟ ಒಂದು ಹಾರ್ಡ್ ಡಿಸ್ಕ್. ಇನ್ನೊಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಮೂರನೆಯದು ಮೈಸೂರಿನಲ್ಲಿ ತಂಗಿ ಮನೆಯಲ್ಲಿ. "ಕ್ಲೌಡ್ ಇರೋವಾಗ ಇದೆಲ್ಲ ಯಾಕೋ ನಿಂಗೆ" ಅಂತ ಗೆಳೆಯರು ನಗುತ್ತಾರೆ. ನಗಲಿ. ನಾನು ಒಂದು ಸಲ ಕಳೆದುಕೊಂಡಿದ್ದೇನೆ.

2001ರಲ್ಲಿ ಬೆಂಗಳೂರಿನ ನಮ್ಮ ಮನೆಗೆ ಇಂಟರ್ನೆಟ್ ಬಂದಾಗ ಕನೆಕ್ಷನ್ ಜೊತೆಗೇ ಒಂದು ಇಮೇಲ್ ವಿಳಾಸವೂ ಸಿಕ್ಕಿತ್ತು. ಅಣ್ಣ ಅಮೆರಿಕಕ್ಕೆ ಹೋದ ಹೊಸತು. ಅವನ ಮೇಲ್ ಬರುತ್ತಿದ್ದದ್ದು ಆ ವಿಳಾಸಕ್ಕೆ, ಅಪ್ಪ ಒಂದೊಂದೇ ಬೆರಳಲ್ಲಿ ಕುಟ್ಟಿ ಉತ್ತರ ಕಳಿಸುತ್ತಿದ್ದದ್ದೂ ಅಲ್ಲಿಂದಲೇ. 2009ರಲ್ಲಿ ಮನೆ ಬದಲಾಯಿಸಿದೆವು. ಹೊಸ ಬೀದಿಯಲ್ಲಿ ಆ ಕಂಪನಿಯ ಲೈನ್ ಇರಲಿಲ್ಲ, ಕನೆಕ್ಷನ್ ತೆಗೆಸಿದೆವು. ಸಾಮಾನೆಲ್ಲ ಜೋಡಿಸಿ ಹತ್ತು ದಿನದ ಮೇಲೆ ಮೇಲ್ ನೋಡೋಣ ಅಂತ ಕೂತರೆ ಪಾಸ್‌ವರ್ಡ್ ತಗೊಳ್ಳುತ್ತಿಲ್ಲ. ಫೋನ್ ಮಾಡಿದರೆ ಆ ಹುಡುಗ ಪಾಪ ಬಹಳ ಮರ್ಯಾದೆಯಿಂದಲೇ ಹೇಳಿದ: "ಕನೆಕ್ಷನ್ನೇ ಇಲ್ಲ ಅಂದ್ಮೇಲೆ ಮೇಲ್ ಎಲ್ಲಿರುತ್ತೆ ಸಾರ್."

ಆದರೆ ಎಲ್ಲವೂ ಹೋಗಿರಲಿಲ್ಲ. 2001ರಿಂದ 2004ರವರೆಗಿನದು ಉಳಿದಿತ್ತು. ಯಾಕೆ ಅಂದರೆ ಆಗ ಡಯಲ್‌ಅಪ್. ನಿಮಿಷಕ್ಕೆ ನಿಮಿಷ ಫೋನ್ ಬಿಲ್ ಏರುತ್ತಿತ್ತು, ಅಪ್ಪ ಪಕ್ಕದಲ್ಲೇ ಗಡಿಯಾರ ನೋಡುತ್ತಾ ನಿಂತಿರುತ್ತಿದ್ದರು. ಔಟ್‌ಲುಕ್ ಎಕ್ಸ್‌ಪ್ರೆಸ್ ಅನ್ನುವ ಮೇಲ್ ತಂತ್ರಾಂಶ ತೆರೆಯುವುದು, ಲೈನ್ ಸೇರಿಸುವುದು, ಬಂದಿರುವ ಮೇಲನ್ನೆಲ್ಲ ಇಳಿಸಿಕೊಳ್ಳುವುದು, ಬರೆದಿಟ್ಟದ್ದನ್ನು ಕಳಿಸುವುದು, ತಕ್ಷಣ ಲೈನ್ ಕತ್ತರಿಸುವುದು. ಓದೋದೆಲ್ಲ ಆಮೇಲೆ, ಆರಾಮಾಗಿ. ಪಾಪ್ ಅನ್ನುವ ಆ ಪದ್ಧತಿಯಲ್ಲಿ ಮೇಲ್ ನಮ್ಮ ಕಂಪ್ಯೂಟರಿಗೆ ಇಳಿಯುತ್ತಿತ್ತು, ಕಂಪನಿಯ ಕಂಪ್ಯೂಟರಿನಿಂದ, ಅಂದರೆ ಸರ್ವರಿನಿಂದ, ಅಳಿಯುತ್ತಿತ್ತು. ಅಂಚೆಯವನು ಕಾಗದ ಕೊಟ್ಟು ಹೋದ ಹಾಗೆ. ಆ ಫೈಲುಗಳನ್ನು ಯಾವಾಗಲೋ ಮೂರು ಸಿಡಿಗೆ ಬರೆದಿಟ್ಟಿದ್ದೆ.

2005ರಲ್ಲಿ ಬ್ರಾಡ್‌ಬ್ಯಾಂಡ್ ಬಂತು. ಇಳಿಸಿಕೊಳ್ಳುವ ಗೊಡವೆ ಯಾಕೆ, ಬ್ರೌಸರಿನಲ್ಲೇ ಓದಿದರಾಯಿತು ಅಂತ ಬಿಟ್ಟೆ. ಕಾಸಿಗೆ ಕಾಸು ಎಣಿಸಿ ತಂದ ಮೇಲ್ ಇವತ್ತಿಗೂ ನನ್ನ ಹತ್ತಿರ ಇದೆ, ಧಾರಾಳವಾಗಿ ನೆಟ್ ಇದ್ದ ಕಾಲದ್ದು ಇಲ್ಲ.

ಕಾಲವೇ ಹಾಗಿತ್ತು ಬಿಡಿ. 2004ರ ಏಪ್ರಿಲ್ 1ಕ್ಕೆ ಜಿಮೇಲ್ ಬಂದಾಗ ಒಂದು ಜಿಬಿ ಜಾಗ ಅಂದರೆ ಜನ ಏಪ್ರಿಲ್ ಫೂಲ್ ಅಂತಲೇ ತಿಳಿದರು. ಆಗ ಹಾಟ್‌ಮೇಲ್ ಪುಕ್ಕಟೆ ಕೊಡುತ್ತಿದ್ದದ್ದು 2 ಎಂಬಿ, ಯಾಹೂ 4 ಎಂಬಿ. ಇನ್ನು ಯಾವುದನ್ನೂ ಅಳಿಸಬೇಕಾಗಿಲ್ಲ ಅನ್ನುವುದು ಎಷ್ಟು ದೊಡ್ಡ ಸುಖ ಅಂತ ಅಂದಿನವರಿಗೆ ಗೊತ್ತು. ನಾನೂ ಯಾವುದನ್ನೂ ಅಳಿಸಲಿಲ್ಲ. ಪರಿಣಾಮ, ಮೇಲ್, ಡ್ರೈವ್, ಫೋಟೋ ಎಲ್ಲಕ್ಕೂ ಸೇರಿ ಇರುವ 15 ಜಿಬಿ ಒಂದು ದಿನ ತುಂಬಿತು. ದುಡ್ಡು ಕೊಟ್ಟರೆ ಜಾಸ್ತಿ ಜಾಗ ಸಿಗುತ್ತದೆ, ಅದೇನು ಆಸ್ತಿ ಮಾರಬೇಕಾದ ಮೊತ್ತವೂ ಅಲ್ಲ. ಆದರೆ 2009 ನೆನಪಾಯಿತು. ಮನೆಗೇ ತರೋಣ ಅನ್ನಿಸಿತು.

ಇಲ್ಲಿ ಒಂದು ತಪ್ಪು ಮಾಡಿದೆ, ಬಹಳ ಜನ ಮಾಡುವ ತಪ್ಪು ಅದು. ಥಂಡರ್‌ಬರ್ಡ್ ಅನ್ನುವ ಮೇಲ್ ತಂತ್ರಾಂಶ ಹಾಕಿಕೊಂಡು, ಐಮ್ಯಾಪ್ ಅನ್ನುವ ಪದ್ಧತಿಯ ಮೂಲಕ ಜಿಮೇಲ್ ಜೋಡಿಸಿದೆ. ಎಲ್ಲ ಮೇಲೂ ಲ್ಯಾಪ್‌ಟಾಪಿನಲ್ಲಿ ಕಂಡಿತು, ನೆಟ್ ಇಲ್ಲದಿದ್ದರೂ ತೆರೆಯುತ್ತಿತ್ತು. ಬಂತು ಮನೆಗೆ ಅಂದುಕೊಂಡೆ. ಒಂದು ರಾತ್ರಿ ಸುಮ್ನೆ ಕೂತಿದ್ದಾಗ ಫೋನಿನಲ್ಲಿ ದೊಡ್ಡ ದೊಡ್ಡ ಅಟ್ಯಾಚ್‌ಮೆಂಟಿನ ಮೇಲುಗಳನ್ನು ಹುಡುಕಿ ಅಳಿಸಿದೆ, ಲ್ಯಾಪ್‌ಟಾಪಿನಲ್ಲಿ ಹೇಗೂ ಇದೆಯಲ್ಲ ಅಂತ. ಬೆಳಿಗ್ಗೆ ಥಂಡರ್‌ಬರ್ಡ್ ತೆರೆದೆ. ಅದು ಸರ್ವರ್ ಜೊತೆ ಲೆಕ್ಕ ತಾಳೆ ನೋಡಿ, ತನ್ನಲ್ಲಿದ್ದವನ್ನೂ ಶಿಸ್ತಾಗಿ ತೆಗೆದುಹಾಕಿತು. ಅದರದೇನೂ ತಪ್ಪಿಲ್ಲ, ಐಮ್ಯಾಪ್ ಇರುವುದೇ ಅದಕ್ಕೆ. ಸರ್ವರಿನಲ್ಲಿರುವುದನ್ನು ತೋರಿಸುವುದು ಅದರ ಕೆಲಸ. ಕನ್ನಡಿಯೊಳಗಿನ ಗಂಟನ್ನು ನಾನು ತಿಜೋರಿಯ ಗಂಟು ಅಂದುಕೊಂಡಿದ್ದೆ, ಅಷ್ಟೇ. ಪುಣ್ಯಕ್ಕೆ ಜಿಮೇಲ್ ಕಸದಬುಟ್ಟಿಯಲ್ಲಿ 30 ದಿನ ಇರುತ್ತದೆ, ವಾಪಸ್ ತೆಗೆದೆ.

ಆಮೇಲೆ ಮಾಡಿದ್ದು ಗೂಗಲ್ ಟೇಕ್‌ಔಟ್, ಗೂಗಲ್‌ನಲ್ಲಿರುವ ನಮ್ಮದನ್ನು ಇಳಿಸಿಕೊಳ್ಳಲು ಅವರೇ ಕೊಟ್ಟಿರುವ ದಾರಿ. ಅದರಲ್ಲಿ ಮೇಲ್ ಒಂದನ್ನೇ ಆರಿಸಿ ಕೇಳಿದರೆ, ಸ್ವಲ್ಪ ಹೊತ್ತು ಬಿಟ್ಟು ಇಳಿಸಿಕೊಳ್ಳುವ ಲಿಂಕ್ ಕಳಿಸುತ್ತಾರೆ. ಲಿಂಕಿಗೆ ವಾರದ ಆಯಸ್ಸು, ನಾಳೆ ನಾಡಿದ್ದು ಅಂತ ಕೂರಬೇಡಿ. ಒಳಗಿರುವುದು ಎಂಬಾಕ್ಸ್ ಅನ್ನುವ ಫೈಲ್. ನನಗೆ ಇದರ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ. ಯುನಿಕ್ಸ್ ಕಾಲದ ಹಳೇ ಪದ್ಧತಿ. ಎಲ್ಲ ಮೇಲೂ ಒಂದರ ಕೆಳಗೊಂದು ಒಂದೇ ಉದ್ದನೆಯ ಪಠ್ಯದಲ್ಲಿ. 'ಫ್ರಮ್' ಅಂತ ಸಾಲು ಶುರುವಾದರೆ ಅಲ್ಲಿಂದ ಹೊಸ ಮೇಲ್ ಅಂತ ಅರ್ಥ. ಯಾರಾದರೂ ತಮ್ಮ ಕಾಗದದೊಳಗೇ ಒಂದು ಸಾಲನ್ನು ಆ ಪದದಿಂದ ಶುರುಮಾಡಿದರೆ ಗೊಂದಲವಾಗಬಾರದು ಅಂತ ಅದರ ಮುಂದೆ ಒಂದು ಬಾಣದ ಗುರುತು ಹಾಕುತ್ತಾರೆ. ಹಳೇ ಮೇಲುಗಳಲ್ಲಿ ಕಾರಣವಿಲ್ಲದೆ ಒಂದು ಬಾಣ ಕಂಡರೆ ಅದೇ ಇದು. ಜಿಮೇಲ್ ಲೇಬಲ್ಲುಗಳೂ ಪ್ರತಿ ಮೇಲಿನ ತಲೆಬರಹದಲ್ಲಿ ಬರೆದು ಬಂದಿರುತ್ತವೆ.

ಇಂಪೋರ್ಟ್‌ಎಕ್ಸ್‌ಪೋರ್ಟ್‌ಟೂಲ್ಸ್ ಎನ್‌ಜಿ ಅಂತ ಥಂಡರ್‌ಬರ್ಡ್‌ಗೆ ಒಂದು ಆಡ್‌ಆನ್ ಇದೆ, ಅದರಿಂದ ಎಲ್ಲವನ್ನೂ 'ಲೋಕಲ್ ಫೋಲ್ಡರ್ಸ್' ಒಳಗೆ ತಂದೆ. ಇಲ್ಲಿಗೆ ಬಂದದ್ದೇ ನಮ್ಮದು. ಮೇಲ್ ಖಾತೆಯ ಹೆಸರಿನ ಕೆಳಗೆ ಕಾಣುವುದಲ್ಲ. ಆಮೇಲೆ ವರ್ಷಕ್ಕೊಂದು ಫೋಲ್ಡರ್ ಮಾಡಿದೆ. ಒಂದೇ ದೊಡ್ಡ ಎಂಬಾಕ್ಸ್ ಇದ್ದರೆ ಒಂದು ಮೇಲ್ ಸೇರಿದರೂ ಫೈಲೇ ಬದಲಾದಂತೆ, ಬ್ಯಾಕಪ್ಪಿನಲ್ಲಿ ಅಷ್ಟೂ ಜಿಬಿ ಮತ್ತೆ ನಕಲಾಗಬೇಕು. 2012ರ ಫೋಲ್ಡರ್ ಇನ್ನು ಬದಲಾಗುವುದಿಲ್ಲವಲ್ಲ.

ಇನ್ನು ಕನ್ನಡದ ವಿಷಯ. ಎಂಬಾಕ್ಸ್ ಬರೀ ಪಠ್ಯ ತಾನೇ ಅಂತ ನೇರವಾಗಿ ಗ್ರೆಪ್ ಅನ್ನುವ, ಫೈಲಿನೊಳಗೆ ಪದ ಹುಡುಕುವ ಆಜ್ಞೆ ಹಾಕಿ 'ಅಜ್ಜಿ' ಅಂತ ಹುಡುಕಿದೆ. ಒಂದೂ ಸಿಗಲಿಲ್ಲ! ನಮ್ಮ ಅಜ್ಜಿಯ ಬಗ್ಗೆ ನೂರು ಮೇಲಾದರೂ ಇರಬೇಕು. ಆಗಿದ್ದು ಇಷ್ಟು. ಮೇಲ್ ವ್ಯವಸ್ಥೆ ಹುಟ್ಟಿದ್ದು ಇಂಗ್ಲಿಷ್ ಅಕ್ಷರಗಳಿಗಾಗಿ, ಕನ್ನಡವನ್ನು ಸಾಗಿಸುವಾಗ ಅದನ್ನು ಸಾಮಾನ್ಯವಾಗಿ ಬೇಸ್64 ಅನ್ನುವ ಮೂಟೆ ಕಟ್ಟಿ ಕಳಿಸುತ್ತಾರೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಒಂದೇ ಸಂಕೇತ ಪದ್ಧತಿ ಯುನಿಕೋಡ್. ಮೇಲಿನಲ್ಲಿ ಬಳಸುವ ಅದರ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್, ಮೂಟೆ ಕಟ್ಟಿದ ಮೇಲೆ ಅದು ನಾಲ್ಕು. ಫೋಟೋ ಅಟ್ಯಾಚ್‌ಮೆಂಟುಗಳೂ ಹೀಗೇ ಮೂರಕ್ಕೆ ನಾಲ್ಕಾಗಿ ಊದಿಕೊಳ್ಳುತ್ತವೆ. ಫೈಲಿನಲ್ಲಿ ಅಜ್ಜಿ ಇದ್ದಾಳೆ, ಮುಸುಕು ಹಾಕಿಕೊಂಡಿದ್ದಾಳೆ. ಥಂಡರ್‌ಬರ್ಡ್ ಒಳಗಿನ ಹುಡುಕಾಟಕ್ಕೆ ಮುಸುಕು ತೆಗೆಯುವುದು ಗೊತ್ತು, ಹಾಗಾಗಿ ಅಲ್ಲೇ ಹುಡುಕಬೇಕು.

ಸಿಡಿಯಲ್ಲಿದ್ದವು ಇನ್ನೂ ಸ್ವಾರಸ್ಯ. ಔಟ್‌ಲುಕ್ ಎಕ್ಸ್‌ಪ್ರೆಸ್ಸಿನ ಡಿಬಿಎಕ್ಸ್ ಫೈಲುಗಳನ್ನು ಬಿಡಿಸಲು ಅನ್‌ಡಿಬಿಎಕ್ಸ್ ಅಂತ ಒಂದು ಪುಟ್ಟ ತಂತ್ರಾಂಶವಿದೆ, ಮೇಲುಗಳು ಬಿಡಿಬಿಡಿಯಾಗಿ ಬಂದವು. ತೆರೆದರೆ ಟೋಪಿ, ಚುಕ್ಕಿ, ಬಾಲ ಇರುವ ಇಂಗ್ಲಿಷ್ ಅಕ್ಷರಗಳ ಗುಡ್ಡೆ. ಅಣ್ಣನೂ ನಾನೂ ಆಗ ಹಳೇ ಫಾಂಟ್‌ನಲ್ಲಿ ಕನ್ನಡ ಬರೆಯುತ್ತಿದ್ದೆವು, ಅದೇ ಫಾಂಟ್ ಇಬ್ಬರಲ್ಲೂ ಇದ್ದರೆ ಕನ್ನಡ, ಇಲ್ಲದಿದ್ದರೆ ಮಂತ್ರ. ಯುನಿಕೋಡಿಗೆ ಬದಲಿಸುವ ಪರಿವರ್ತಕಗಳಲ್ಲಿ ಹಾಕಿದೆ. ಬಹುಪಾಲು ಸರಿಯಾಯಿತು, ಅರ್ಕಾವತ್ತು ಮಾತ್ರ ಅಲ್ಲಲ್ಲಿ ಹಾರಿ ಪಕ್ಕದ ಅಕ್ಷರದ ಮೇಲೆ ಕೂತಿತ್ತು. ಹಳೇ ಫಾಂಟುಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ರ ಮೊದಲು ಬರಬೇಕು. ನಲವತ್ತು ಚಿಲ್ಲರೆ ಮೇಲುಗಳನ್ನು ಕೈಯಲ್ಲೇ ತಿದ್ದಿದೆ. ಮೂರು ಭಾನುವಾರ ಹೋಯಿತು, ಬೇಜಾರೇನೂ ಆಗಲಿಲ್ಲ.

ಹಾಗಂತ ಜಿಮೇಲ್ ಬಿಟ್ಟಿಲ್ಲ. ಹೊಸ ಮೇಲ್ ಅಲ್ಲಿಗೇ ಬರುತ್ತದೆ. ಮನೆಯಲ್ಲೇ ಮೇಲ್ ಸರ್ವರ್ ನಡೆಸುವ ಹುಚ್ಚಿಗೆ ನಾನು ಕೈಹಾಕುವುದಿಲ್ಲ, ಮನೆ ಲೈನಿನಿಂದ ಹೊರಟ ಮೇಲನ್ನು ಎದುರಿನವರು ನೋಡದೆಯೇ ಸ್ಪ್ಯಾಮ್ ಅಂತ ತಳ್ಳುತ್ತಾರೆ. ನನ್ನದು ಸಂಕ್ರಾಂತಿ ವಾರದ ಕೆಲಸ. ಹಿಂದಿನ ವರ್ಷದ್ದು ಇಳಿಸಿ, ಮೂರೂ ಪ್ರತಿಯಲ್ಲಿ ಅಲ್ಲೊಂದು ಇಲ್ಲೊಂದು ತೆರೆದು ನೋಡಿ, ಆಮೇಲಷ್ಟೇ ಜಿಮೇಲಿನಲ್ಲಿ ಬಹಳ ಹಳೆಯದನ್ನು ಅಳಿಸುವುದು. ತಂಗಿ ಮನೆಯ ಡಿಸ್ಕಿಗೆ ವೆರಾಕ್ರಿಪ್ಟ್ ಅನ್ನುವ ತಂತ್ರಾಂಶದಿಂದ ಪಾಸ್‌ವರ್ಡಿನ ಬೀಗ ಹಾಕಿದ್ದೇನೆ. ಅವಳ ಮೇಲೆ ಅನುಮಾನವಲ್ಲ, ನಮ್ಮ ಮೇಲಿನಲ್ಲಿ ಪ್ಯಾನ್, ಆಧಾರ್, ಬ್ಯಾಂಕಿನ ಕಾಗದ ಎಲ್ಲ ಇರುತ್ತದಲ್ವಾ.

ದೊಡ್ಡ ಕಂಪನಿಯ ಡಿಸ್ಕುಗಳು ನನ್ನ ಬೀರುವಿಗಿಂತ ಗಟ್ಟಿ ಅಂತ ಗೆಳೆಯ ವಾದಿಸುತ್ತಾನೆ. ನಿಜ, ಒಪ್ಪಿದೆ. ಆದರೆ 2009ರಲ್ಲಿ ಯಾವ ಡಿಸ್ಕೂ ಕೆಟ್ಟಿರಲಿಲ್ಲ. ಖಾತೆ ಮುಚ್ಚಿತು, ಅಷ್ಟೇ. ಗೂಗಲ್ ಕೂಡ ಎರಡು ವರ್ಷ ಬಳಸದೆ ಬಿಟ್ಟ ಖಾತೆಗಳನ್ನು 2023ರ ಡಿಸೆಂಬರಿನಿಂದ ಅಳಿಸುತ್ತಾ ಬಂದಿದೆ, ಮೊದಲೇ ಹೇಳಿಯೇ ಮಾಡಿದರು. ಫೋನ್ ನಂಬರ್ ಬದಲಾಗಿ ಒಟಿಪಿ ಬೇರೆಯವರಿಗೆ ಹೋದರೂ ನಮ್ಮ ಕಥೆ ಅಷ್ಟೇ.

ಮೂರು ಸಿಡಿ ಅಂದೆನಲ್ಲ, ಎರಡು ಓದಿದವು. ಮೂರನೆಯದು 2003ರ ದ್ವಿತೀಯಾರ್ಧ, ಅದನ್ನು ಹಾಕಿದರೆ ಡ್ರೈವ್ ಗರಗರ ಅಂತ ತಿರುಗಿ ತಿರುಗಿ ಸುಮ್ಮನಾಗುತ್ತದೆ. ಬೇರೆ ಬೇರೆ ಡ್ರೈವಿನಲ್ಲಿ ಹಾಕಿ ನೋಡಿದರೆ ಕೆಲವು ಸಲ ಓದುತ್ತದಂತೆ. ಯಾರ ಮನೆ ಅಟ್ಟದಲ್ಲಾದರೂ ಹಳೇ ಡೆಸ್ಕ್‌ಟಾಪ್ ಇನ್ನೂ ಉಸಿರಾಡುತ್ತಿದ್ದರೆ ಹೇಳಿ, ಸಿಡಿ ಹಿಡಿದುಕೊಂಡು ಬರುತ್ತೇನೆ.