ಅಮ್ಮನ ಜೊತೆ ಲಕ್ಷದ್ವೀಪಕ್ಕೆ: ಮಾತ್ರೆ, ಪಾಲಿಸಿ, ಪರ್ಮಿಟ್

ನಮ್ಮ ಕಾಸರಗೋಡಿನ ಬದಿಯಡ್ಕದಲ್ಲಿ ಯಾರಿಗಾದರೂ ಎದೆನೋವು ಬಂದರೆ ಕಾರು ಸೀದಾ ಮಂಗಳೂರಿಗೆ ಓಡುತ್ತದೆ. ಗಡಿಯ ತಲಪಾಡಿ ದಾಟಿದರೆ ಅರ್ಧ ಜೀವ ಬಂದ ಹಾಗೆ. ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ ಹಾಗೆ ಓಡಲಿಕ್ಕೆ ದಾರಿಯೇ ಇಲ್ಲ. ಸಕ್ಕರೆ ಕಾಯಿಲೆ ಇರುವ ಅಮ್ಮನನ್ನು ಕರೆದುಕೊಂಡು ಹೋಗುವಾಗ ನಮ್ಮ ತಲೆಯಲ್ಲಿದ್ದದ್ದು ಇದೇ.

ಮೊದಲು ಪರ್ಮಿಟ್, ಅಂದರೆ ದ್ವೀಪಕ್ಕೆ ಹೋಗಲು ಅನುಮತಿ ಪತ್ರ. ಅದಿಲ್ಲದೆ ಹಡಗೂ ಇಲ್ಲ, ವಿಮಾನವೂ ಇಲ್ಲ. 1956ರವರೆಗೆ ಅಮಿನಿ, ಕಡಮತ್ ದ್ವೀಪಗಳೂ ನಮ್ಮ ಕಾಸರಗೋಡಿನ ಹಾಗೆಯೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಈಗ ಪ್ರವಾಸಿಗಳು ಹಡಗು ಹತ್ತುವುದು ಕೊಚ್ಚಿಯಲ್ಲಿ. ಸಂಜೆ ರೈಲಿಗೆ ಕೂತರೆ ಬೆಳಗಾಗುವುದರೊಳಗೆ ಎರ್ನಾಕುಳಂ.

ಹಡಗಿಗಿಂತ ಕಷ್ಟ ಅದರಿಂದ ಇಳಿಯುವುದು. ಹಡಗು ಹೊರಗೆ ನಿಲ್ಲುತ್ತದೆ, ದಡಕ್ಕೆ ಸಣ್ಣ ದೋಣಿ. ಅಲೆಗೆ ದೋಣಿ ಮೇಲೆ ಬಂದ ಕ್ಷಣ ನಾವಿಕರು ಅಮ್ಮನ ಎರಡೂ ತೋಳು ಹಿಡಿದು, "ಈಗ" ಅಂದು ಇಳಿಸಿಯೇಬಿಟ್ಟರು. ಮೊಣಕಾಲು ನೋವು ಜಾಸ್ತಿ ಇರುವವರು ಅಗತ್ತಿಗೆ ವಿಮಾನದಲ್ಲಿ ಹೋಗುವುದೇ ವಾಸಿ. ವಿಮಾನ ನಿಲ್ದಾಣ ಇರುವುದು ಅಲ್ಲಿ ಮಾತ್ರ.

ಕವರತ್ತಿಯಲ್ಲಿ ಇಂದಿರಾ ಗಾಂಧಿ ಆಸ್ಪತ್ರೆ ಇದೆ, ಅಗತ್ತಿಯಲ್ಲಿ ರಾಜೀವ್ ಗಾಂಧಿ ಆಸ್ಪತ್ರೆ. ಹವಳ ತಾಗಿ ಕಾಲು ಕೊಯ್ದುಕೊಂಡರೆ, ಜ್ವರ ಬಂದರೆ ಚಿಂತೆ ಬೇಡ. ಗಂಭೀರವಾದರೆ ಮಾತ್ರ ರೋಗಿಯನ್ನು ಹೆಲಿಕಾಪ್ಟರಿನಲ್ಲಿ ಕೊಚ್ಚಿಗೆ ಸಾಗಿಸುತ್ತಾರೆ. ಆರೋಗ್ಯ ವಿಮೆಯ ಪಾಲಿಸಿ ಓದಬೇಕಾದದ್ದು ಇಲ್ಲಿಗಾಗಿಯೇ.

ನಮ್ಮ ಪಾಲಿಸಿಯಲ್ಲಿ "ಆಂಬ್ಯುಲೆನ್ಸ್" ಅಂತ ಬರೆದಿತ್ತು. ಏಜೆಂಟನ್ನು ಬಿಡದೆ ಕೇಳಿದ ಮೇಲೆ ಗೊತ್ತಾಯಿತು, ಅದು ರಸ್ತೆಯದ್ದಕ್ಕೆ ಮಾತ್ರ, ಅದಕ್ಕೂ ಮಿತಿ. ಏರ್ ಆಂಬ್ಯುಲೆನ್ಸಿಗೆ ಬೇರೆ ರೈಡರ್, ಅಂದರೆ ಪಾಲಿಸಿಗೆ ಪ್ರತ್ಯೇಕವಾಗಿ ಸೇರಿಸಿಕೊಳ್ಳುವ ಸೌಲಭ್ಯ, ಬೇಕು. "ಎಲ್ಲಾ ಕವರ್ ಆಗುತ್ತದೆ" ಎಂಬ ಬಾಯಿಮಾತು ನಂಬಬೇಡಿ, ಇಮೇಲಿನಲ್ಲಿ ಬರೆಸಿಕೊಳ್ಳಿ. ಆಯುಷ್ಮಾನ್ ಕಾರ್ಡಿನ 5 ಲಕ್ಷ ಕುಟುಂಬಕ್ಕೆ ವರ್ಷಕ್ಕೆ, ಅದೂ ಆಸ್ಪತ್ರೆಗೆ ದಾಖಲಾದರೆ. ಸುಮ್ನೆ ಡಾಕ್ಟರಿಗೆ ತೋರಿಸಿ ಬಂದದ್ದಕ್ಕೆ ಸಿಗುವುದಿಲ್ಲ. ಖಾಸಗಿ ಪಾಲಿಸಿಗಳಲ್ಲೂ ಸಾಮಾನ್ಯವಾಗಿ 24 ಗಂಟೆ ದಾಖಲಾಗಿರಬೇಕು. ಕ್ಯಾಶ್‌ಲೆಸ್ ಇಲ್ಲದ ಕಡೆ ದುಡ್ಡು ನಾವೇ ಕಟ್ಟಿ ಆಮೇಲೆ ಕೇಳಬೇಕು. ಹಾಗಾಗಿ ಬಿಲ್, ಡಿಸ್ಚಾರ್ಜ್ ಸಮ್ಮರಿ, ಚೀಟಿ ಎಲ್ಲದರ ಮೂಲ ಪ್ರತಿ ಜೋಪಾನ. ದಾಖಲಾದ ಕೂಡಲೇ ವಿಮಾ ಕಂಪನಿಗೆ ತಿಳಿಸಿ.

ಮಾತ್ರೆ ಬೇಕಾದದ್ದಕ್ಕಿಂತ ಒಂದು ವಾರದ್ದು ಜಾಸ್ತಿ ಇರಲಿ. ಸಮುದ್ರ ಕೆಟ್ಟರೆ ವಾಪಸು ಹಡಗು ತಡ ಆಗುತ್ತದೆ ಅಲ್ವಾ. ಇನ್ಸುಲಿನ್ ಫ್ಲಾಸ್ಕಿನಲ್ಲಿಟ್ಟು ಕೈಚೀಲದಲ್ಲೇ ಒಯ್ಯಿರಿ. ಮಳೆಗಾಲದಲ್ಲಂತೂ ವಯಸ್ಸಾದವರನ್ನು ಕರೆದುಕೊಂಡು ಹೊರಡಲೇಬೇಡಿ.