ಒಂದು ಶೋ ನೋಡೋಕೆ ಬರ್ಲಿನ್‌ವರೆಗೆ ಯಾಕೆ ಹೋಗಬೇಕು?

"ಎಲ್ಲಾ ಯೂಟ್ಯೂಬ್‌ನಲ್ಲೇ ಸಿಗುತ್ತಲ್ಲ, ಒಂದು ಕೀಬೋರ್ಡ್ ಬ್ಯಾಂಡ್ ನೋಡೋಕೆ ಬರ್ಲಿನ್‌ವರೆಗೆ ಹೋಗಬೇಕಿತ್ತಾ?" 2023ರ ಜುಲೈನಲ್ಲಿ ಡೆಪೆಷ್ ಮೋಡ್ ಶೋ ನೋಡಿದೆ ಅಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಸಿಂಥ್-ಪಾಪ್ ಅಂದರೆ ಸಿಂಥ್ (ಸಿಂಥಸೈಜರ್) ಕೀಬೋರ್ಡಿನಲ್ಲಿ ನುಡಿಸುವ ಮೆಷಿನ್ ಸಂಗೀತ, ವೈರಿನಲ್ಲಿ ಹುಟ್ಟಿ ವೈರಿನಲ್ಲೇ ಮುಗಿಯುವಂಥದ್ದು, ಹೆಡ್‌ಫೋನ್‌ನಲ್ಲಿ ಕೇಳಿದರೂ ಸ್ಟೇಡಿಯಂನಲ್ಲಿ ಕೇಳಿದರೂ ಒಂದೇ ಅಲ್ವಾ ಅನ್ನುವುದು ಅವರ ಲೆಕ್ಕ.

ಒಂದೇ ಅಲ್ಲ. ಈ ಬ್ಯಾಂಡ್ ವಿಷಯದಲ್ಲಂತೂ ಖಂಡಿತ ಅಲ್ಲ.

ಡೆಪೆಷ್ ಮೋಡ್ ಇಂಗ್ಲೆಂಡಿನ ಬ್ಯಾಸಿಲ್ಡನ್ ಊರಿನ ಹುಡುಗರು ಕಟ್ಟಿದ ಬ್ಯಾಂಡ್. 1983ರಲ್ಲಿ ತಮ್ಮ ಮೂರನೇ ಆಲ್ಬಂ ಮಿಕ್ಸ್ ಮಾಡೋಕೆ ಅವರು ಪಶ್ಚಿಮ ಬರ್ಲಿನ್‌ನ ಹಾನ್ಸಾ ಸ್ಟುಡಿಯೋಗೆ ಬಂದರು. ಮುಂದಿನ ಎರಡು ಆಲ್ಬಂಗಳ ಕೆಲಸಕ್ಕೂ ಅಲ್ಲಿಗೇ ಬಂದರು. ಬರ್ಲಿನ್ ಗೋಡೆ ಅಲ್ಲಿಂದ ಕೂಗಳತೆಯಲ್ಲಿತ್ತು. ಎಂಜಿನಿಯರ್ ಗ್ಯಾರೆತ್ ಜೋನ್ಸ್ ಅಲ್ಲಿ ಏನು ಮಾಡುತ್ತಿದ್ದರು ಅಂದರೆ, ಸಿಂಥ್ ಸದ್ದನ್ನು ನೇರವಾಗಿ ಟೇಪಿಗೆ ಹಾಕಿ ಸುಮ್ನಾಗದೆ, ದೊಡ್ಡ ಸ್ಪೀಕರ್‌ಗಳಿಂದ ಹಾಲ್‌ಗೆ ಬಿಟ್ಟು, ಗೋಡೆಗೆ, ಸೂರಿಗೆ ಬಡಿದು ವಾಪಸ್ ಬಂದಿದ್ದನ್ನು ಮೈಕ್‌ನಲ್ಲಿ ಹಿಡಿಯುತ್ತಿದ್ದರು. ಅಂದರೆ ಆ ಹಾಡುಗಳಲ್ಲಿ ಒಂದು ಕಟ್ಟಡವೂ ಕೇಳಿಸುತ್ತದೆ. ಹಾಗಿದ್ದಮೇಲೆ ಅದನ್ನು ಬರೀ ವೈರಿನ ಸಂಗೀತ ಅನ್ನೋದು ಹೇಗೆ?

ಆ ಕಟ್ಟಡ ಇವತ್ತಿಗೂ ಇದೆ. ವಿಳಾಸ ಕೋಥೆನರ್ ರಸ್ತೆ 38, ಪಾಟ್ಸ್‌ಡಾಮರ್ ಪ್ಲಾಟ್ಸ್‌ನಿಂದ ನಡೆದೇ ಹೋಗಬಹುದು. ಡೇವಿಡ್ ಬೋವಿ 1977ರಲ್ಲಿ 'ಹೀರೋಸ್' ರೆಕಾರ್ಡ್ ಮಾಡಿದ್ದೂ ಇಲ್ಲೇ. ಸುತ್ತ ಈಗ ಗಾಜಿನ ಕಟ್ಟಡಗಳು, ಗೋಡೆ ಇದ್ದ ಕಡೆ ಟ್ರಾಫಿಕ್.

ನನಗೆ ತುಂಬಾ ಇಷ್ಟವಾಗಿದ್ದು ಯು2 ಮೆಟ್ರೋ. ಪಾಟ್ಸ್‌ಡಾಮರ್ ಪ್ಲಾಟ್ಸ್‌ನಲ್ಲಿ ಹತ್ತಿದರೆ ರೈಲು ಬದಲಾಯಿಸದೆ ಒಲಿಂಪಿಯಾ ಸ್ಟೇಡಿಯಂ ತಲುಪುತ್ತೀರಿ. ಡೆಪೆಷ್ ಮೋಡ್ ಹಾನ್ಸಾದಲ್ಲಿದ್ದ ಕಾಲದಲ್ಲಿ ಬರ್ಲಿನ್ ಗೋಡೆಯಿಂದಾಗಿ ಇದೇ ಲೈನ್ ಎರಡು ತುಂಡಾಗಿತ್ತು, ಪಾಟ್ಸ್‌ಡಾಮರ್ ಪ್ಲಾಟ್ಸ್ ನಿಲ್ದಾಣ ಮುಚ್ಚಿತ್ತು. ಎರಡೂ ಮತ್ತೆ ಸೇರಿದ್ದು 1993ರಲ್ಲಿ. ಸಂಜೆ ಆ ರೈಲಿನ ತುಂಬಾ ಕಪ್ಪು ಟೀಶರ್ಟುಗಳು, ಐವತ್ತು ದಾಟಿದವರೂ ಇದ್ದರು, ಅವರ ಮಕ್ಕಳೂ ಇದ್ದರು.

ಸ್ಟೇಡಿಯಂ 1936ರ ಒಲಿಂಪಿಕ್ಸ್‌ಗೆ ಕಟ್ಟಿದ್ದು, ಸುಮಾರು 74,000 ಆಸನ. ಜುಲೈನಲ್ಲಿ ಅಲ್ಲಿ ಒಂಬತ್ತು ಗಂಟೆಯಾದರೂ ಬೆಳಕಿರುತ್ತದೆ, ಹಾಗಾಗಿ ಶೋ ಹಗಲಲ್ಲಿ ಶುರುವಾಗಿ ಕತ್ತಲಲ್ಲಿ ಮುಗಿಯುತ್ತದೆ. ಸಿಂಥ್ ಜೊತೆ ಕ್ರಿಶ್ಚಿಯನ್ ಐಗ್ನರ್ ನಿಜವಾದ ಡ್ರಮ್ಸ್ ಬಾರಿಸುತ್ತಾರೆ, ಬ್ಯಾಂಡಿನ ಮಾರ್ಟಿನ್ ಗೋರ್ ಗಿಟಾರ್ ಹಿಡಿಯುತ್ತಾರೆ, ಹಾಗಾಗಿ ಹಳೇ ಹಾಡುಗಳಿಗೆಲ್ಲ ಇನ್ನಷ್ಟು ತೂಕ ಬರುತ್ತದೆ. ಬ್ಯಾಂಡ್ ಶುರುವಾದಾಗಿನಿಂದ ಜೊತೆಗಿದ್ದ ಆಂಡಿ ಫ್ಲೆಚರ್ 2022ರ ಮೇನಲ್ಲಿ ತೀರಿಕೊಂಡಿದ್ದರು. 'ವರ್ಲ್ಡ್ ಇನ್ ಮೈ ಐಸ್' ಹಾಡಿಗೆ ಪರದೆ ಮೇಲೆ ಅವರ ಮುಖ ಬಂದಾಗ ಅಕ್ಕಪಕ್ಕದವರು ಹಾಡುತ್ತಲೇ ಕಣ್ಣೊರೆಸಿಕೊಂಡರು. ನಾನೂ ಅತ್ತೆ. 'ನೆವರ್ ಲೆಟ್ ಮಿ ಡೌನ್ ಅಗೇನ್' ಬಂದಾಗ ಇಡೀ ಸ್ಟೇಡಿಯಂ ಕೈ ಎತ್ತಿ, ಗಾಳಿಗೆ ಜೋಳದ ಹೊಲ ತೂಗಿದ ಹಾಗೆ ಆ ಕಡೆ ಈ ಕಡೆ ತೂಗುತ್ತದೆ. ಯೂಟ್ಯೂಬ್‌ನಲ್ಲಿ ಇದು ಕಾಣಿಸುತ್ತದೆ, ನಿಜ. ಆದರೆ ಅಲ್ಲಿ ನಿಮ್ಮ ಕೈ ಇರಲ್ಲ.

ಊರು ಸುತ್ತೋಕೆ ಹೆಚ್ಚು ಹೊತ್ತಿಲ್ಲದಿದ್ದರೆ ಒಂದೇ ಜಾಗ ಹೇಳುತ್ತೇನೆ, ಪೂರ್ವದ ಲ್ಯಾಂಡ್ಸ್‌ಬರ್ಗರ್ ಅಲೇ. 1988ರ ಮಾರ್ಚ್ 7ರಂದು ಇಲ್ಲಿನ ವೆರ್ನರ್ ಸೀಲನ್‌ಬಿಂಡರ್ ಹಾಲ್‌ನಲ್ಲಿ ಡೆಪೆಷ್ ಮೋಡ್ ಪೂರ್ವ ಜರ್ಮನಿಯ ಜನರ ಮುಂದೆ ಹಾಡಿತು. ಕಾರ್ಯಕ್ರಮ ಕಮ್ಯುನಿಸ್ಟ್ ಯುವಸಂಘಟನೆಯ ಹುಟ್ಟುಹಬ್ಬದ್ದು, ಟಿಕೆಟ್ ಹಂಚಿದ್ದೂ ಅವರೇ. ಅದುವರೆಗೆ ರೇಡಿಯೋದಲ್ಲಿ, ಕದ್ದುಮುಚ್ಚಿ ದಾಟಿಸಿದ ಕ್ಯಾಸೆಟ್ಟುಗಳಲ್ಲಿ ಮಾತ್ರ ಕೇಳಿದ್ದ ದನಿಯನ್ನು ಅಲ್ಲಿನ ಹುಡುಗರು ಎದುರಿಗೇ ಕೇಳಿದರು. ಮುಂದಿನ ವರ್ಷ ನವೆಂಬರ್‌ನಲ್ಲಿ ಗೋಡೆ ಬಿತ್ತು. ಹಾಲ್ ಈಗಿಲ್ಲ, ಅದನ್ನು ಕೆಡವಿ ವೆಲೊಡ್ರೋಮ್ ಎಂಬ ಕ್ರೀಡಾಂಗಣ ಕಟ್ಟಿದ್ದಾರೆ. ನೋಡೋಕೆ ಜಾಸ್ತಿ ಏನಿಲ್ಲ, ಆದರೂ ಹೋಗಿ. ರೆಕಾರ್ಡಿಂಗ್ ಕೈಗೆ ಸಿಕ್ಕರೂ ಸಾಲದೆ, ಎದುರಿಗೇ ಕೇಳಬೇಕು ಅಂತ ಜನ ಹಂಬಲಿಸಿದ ಜಾಗ ಅದು.

ಹಾನ್ಸಾಗೆ ಮಾತ್ರ ಶೋಗೆ ಮುಂಚೆಯೇ ಹೋಗಿ ಬನ್ನಿ. ಆ ಕಟ್ಟಡ ನೋಡಿ ಬಂದಮೇಲೆ ಸ್ಟೇಡಿಯಂನಲ್ಲಿ, ಅಲ್ಲೇ ಮಿಕ್ಸ್ ಆದ 1983ರ ಆಲ್ಬಂನ 'ಎವೆರಿಥಿಂಗ್ ಕೌಂಟ್ಸ್' ಹಾಡು ಶುರುವಾದರೆ, ಕಿವಿ ತಾನಾಗಿಯೇ ಅದನ್ನು ಬೇರೆ ಥರ ಕೇಳುತ್ತದೆ.