ಗಾಜಿನ ಮೇಲಿನ ಕುಂಕುಮ

ಧಾರವಾಡದ ಒಂದು ಸಣ್ಣ ಮ್ಯೂಸಿಯಂನಲ್ಲಿ ಚಿತ್ರ ಜೋಡಿಸುವುದು, ಲೇಬಲ್ ಬರೆಯುವುದು ನನ್ನ ಕೆಲಸ. ಒಂದು ವರ್ಷ ಊರಿನ ಮನೆಗಳಿಂದ ಹಳೆಯ ದೇವರ ಪಟಗಳನ್ನು ಕೇಳಿ ತಂದು ಪ್ರದರ್ಶನ ಮಾಡಿದೆವು. ಜಾಸ್ತಿ ಬಂದದ್ದು ರವಿವರ್ಮ ಪ್ರೆಸ್ಸಿನ ಲಕ್ಷ್ಮಿ, ಸರಸ್ವತಿ.

ಆ ಪ್ರೆಸ್ಸು 1894ರಲ್ಲಿ ಮುಂಬೈಯಲ್ಲಿ ಶುರುವಾದದ್ದು. ಕಲ್ಲಚ್ಚಿನ ಕೆಲಸ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಅದೇ ಕಾಗದದ ಮೇಲೆ ಮತ್ತೆ ಮತ್ತೆ ಒತ್ತಬೇಕು. ಕಾಗದ ಕೂದಲೆಳೆಯಷ್ಟು ಸರಿದರೂ ತುಟಿಯ ಕೆಂಪು ತುಟಿ ಬಿಟ್ಟು ಆಚೆ ಹೋಗುತ್ತದೆ. ಭೂತಗನ್ನಡಿ ಹಿಡಿದು ನೋಡಿ, ಲಕ್ಷ್ಮಿಯ ಕೆನ್ನೆ ತುಂಬಾ ಚುಕ್ಕಿ: ಗುಲಾಬಿ, ಹಳದಿ, ಕಂದು. ಇದನ್ನು ಜನರಿಗೆ ತೋರಿಸುವ ಹುಚ್ಚು ನನಗೆ. ಹಾಗಾಗಿ ಗಾಜು ಫಳಫಳ ಹೊಳೆಯಬೇಕು ಅಂತ ಹಟ.

ಒಂದು ಪಟದ ಗಾಜಿನ ಮೇಲೆ, ಸರಿಯಾಗಿ ದೇವಿಯ ಹಣೆಯ ನೇರಕ್ಕೆ, ಕುಂಕುಮ ದಪ್ಪಗೆ ಕಟ್ಟಿತ್ತು. ಪದರದ ಮೇಲೆ ಪದರ, ದೀಪದ ಜಿಡ್ಡು ಸೇರಿ ಅಂಚು ಕಪ್ಪಾಗಿತ್ತು. ಹತ್ತಿಗೆ ಸ್ವಲ್ಪ ಸ್ಪಿರಿಟ್ ಹಾಕಿ ಒರೆಸಿದೆ. ಐದು ನಿಮಿಷದ ಕೆಲಸ. ಕೆಳಗೆ ಅಚ್ಚಿನಲ್ಲೇ ಇದ್ದ ಸಣ್ಣ ಬೊಟ್ಟು ಕಂಡಿತು. ಖುಷಿಯಾಯಿತು.

ಮೊದಲ ದಿನವೇ ಪಟ ಕೊಟ್ಟ ಅಜ್ಜಿ ಬಂದರು. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಬಂದು, ಕೈ ಮುಗಿಯಲು ಎತ್ತಿದವರು ಹಾಗೇ ನಿಂತರು.

"ಕುಂಕುಮ ಯಾಕ ಒರಸೀರಿ? ಅದರಾಗ ನಮ್ಮತ್ತಿ ಹಚ್ಚಿದ್ದೂ ಇತ್ತು."

ಕುಂಕುಮ ಒರೆಸುವುದು ಅಂದರೆ ನಮ್ಮಲ್ಲಿ ಏನು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ. ನನ್ನ ಫೈಲಿನಲ್ಲಿ ಮಾತ್ರ "ಗಾಜಿನ ಮೇಲೆ ಕೊಳೆ, ತೆಗೆದಿದೆ" ಅಂತಿತ್ತು.

ನಾಚಿಕೆಯ ಇನ್ನೊಂದು ಮಾತಿದೆ. ನಿಜವಾಗಿ ತೆಗೆಯಬೇಕಾದದ್ದು ಬೆನ್ನ ಹಿಂದಿತ್ತು, ನಾನು ಚೌಕಟ್ಟು ಬಿಚ್ಚಿಯೇ ಇರಲಿಲ್ಲ. ಪ್ಲೈವುಡ್ಡಿನ ಆಮ್ಲ ಹತ್ತಿ ಕಾಗದ ಹಿಂದಿನಿಂದ ಕಂದಾಗಿತ್ತು. ಮುಂದೆ ಗಾಜು ನೇರ ಕಾಗದಕ್ಕೇ ತಾಗಿತ್ತು. ಧಾರವಾಡದ ಮಳೆ ಗೊತ್ತಲ್ಲ, ಆ ತೇವಕ್ಕೆ ಬಣ್ಣ ಗಾಜಿಗೆ ಅಂಟಿದರೆ ಬಿಡಿಸುವಾಗ ಮುಖವೇ ಕಿತ್ತು ಬರುತ್ತದೆ. ಆಮ್ಲವಿಲ್ಲದ ರಟ್ಟಿನ ಮೌಂಟ್ ಕೂರಿಸಿ ನಡುವೆ ಸಂದು ಬಿಟ್ಟೆ. ಬಣ್ಣ ಮಾಸದಿರಲಿ ಅಂತ ಬೆಳಕನ್ನೂ 50 ಲಕ್ಸ್‌ಗೆ, ಅಂದರೆ ತೀರಾ ಮಂದಕ್ಕೆ, ಇಳಿಸಿದೆ. ಅದಕ್ಕೆ "ಕರೆಂಟ್ ಹೋಗೇತೇನ್ರಿ?" ಅಂತ ಕೇಳಿಸಿಕೊಂಡದ್ದು ಬೇರೆ.

ಈಗ ಪಟ ತರುವಾಗ ತುಂಬುವ ಫಾರ್ಮಿನಲ್ಲಿ ಒಂದು ಸಾಲು ಸೇರಿಸಿದ್ದೇನೆ: ಗಾಜಿನ ಮೇಲೆ ಏನಿದೆ, ಯಾರು ಹಚ್ಚಿದ್ದು, ಇರಲೋ ಬೇಡವೋ. ಮುಂದಿನ ಸಲ ಗದಗಿನ ಒಂದು ಮನೆಗೆ ಹೋದೆ. ಶಿವನ ಪಟದ ಮೇಲೆ ಬಿಳಿಯ ಮೂರು ಗೆರೆ. ಪೆನ್ನು ತೆಗೆದು, ಭಯಭಕ್ತಿಯಿಂದ, ಈ ವಿಭೂತಿ ಯಾರು ಹಚ್ಚಿದ್ದು ಅಂತ ಕೇಳಿದೆ.

"ಅಯ್ಯ, ಅದು ನಮ್ಮ ಮೊಮ್ಮಗ ಬಡದ ಪೌಡರ್ ರೀ. ಒರಸ್ರಿ ಸುಮ್ನ."